ಅಡ್ವಾನ್ಸ್ ತೀರಿಸಲು ಇನ್ನೊಂದು ಅಡ್ವಾನ್ಸ್

ಪ್ರಶ್ನೆ

ಅಕ್ಕಾ, ನನಗೆ 34 ವರ್ಷ. ಮಗಳು ಏಳನೇ ಕ್ಲಾಸು. ಗೌರಿಬಿದನೂರಿನ ಗಂಡನ ಮನೆ ಬಿಟ್ಟು ಶಿಡ್ಲಘಟ್ಟಕ್ಕೆ ಬಂದು ಐದು ವರ್ಷ ಆಯಿತು. ಮೂರು ವರ್ಷ ಅಮ್ಮನ ಮನೆಯಲ್ಲೇ ಇದ್ದೆ. ತಮ್ಮನಿಗೆ ಮದುವೆಯಾದ ಮೇಲೆ ಜಾಗ ಸಾಲದೆ ಬಾಡಿಗೆ ಮನೆ ಮಾಡಿದೆ. ಒಂದು ರೂಮು, ಮೂಲೆಯಲ್ಲಿ ಅಡುಗೆ ಕಟ್ಟೆ. ರೇಷ್ಮೆ ಫಿಲೇಚರ್‌ನಲ್ಲಿ ಕೆಲಸ, ದಿನಕ್ಕೆ 350 ರೂಪಾಯಿ, ತಿಂಗಳಿಗೆ 25 ದಿನ ಸಿಗುತ್ತೆ. ಬಾಡಿಗೆ 2,500. ವಾರದ ಸಂಘದ ಸಾಲಕ್ಕೆ 700 ಕಟ್ತೀನಿ, ಇನ್ನೂ 30 ವಾರ ಇದೆ. ಮಾಲೀಕರ ಹತ್ತಿರ 40,000 ಅಡ್ವಾನ್ಸ್ ಇದೆ. ರೇಷನ್ ಕಾರ್ಡಿನಲ್ಲಿ ನಾನು, ಮಗಳು ಇನ್ನೂ ಅತ್ತೆ ಮನೆಯವರ ಜೊತೆಗೇ ಇದ್ದೀವಿ.

ಒಂದು ವರ್ಷದಿಂದ ಒಬ್ಬರ ಪರಿಚಯ. ಚಿಂತಾಮಣಿ ಕಡೆಯವರು, ಸ್ವಂತ ಟೆಂಪೊ. ರೈತರ ಗೂಡು ತುಂಬಿಕೊಂಡು ಇಲ್ಲಿನ ಮಾರ್ಕೆಟ್‌ಗೆ ಬರ್ತಾರೆ, ಸೀಸನ್ನಿನಲ್ಲಿ ಟೊಮೆಟೊ ಹೊಡೀತಾರೆ. ಹೆಂಡತಿ ತೀರಿಕೊಂಡು ಆರು ವರ್ಷ. ಮಗ ಈ ವರ್ಷ ಎಸ್ಸೆಸ್ಸೆಲ್ಸಿ. ತಾಯಿ ಇದ್ದಾರೆ. ಕುಡಿಯಲ್ಲ, ಬೈಯಲ್ಲ. ನನ್ನ ಕೈ ಬಿಸಿನೀರಿನಲ್ಲಿ ಬೆಂದು ಬೆಳ್ಳಗೆ ಸುಲಿದಿರುತ್ತೆ, ಅವರ ಜೊತೆ ಟೀ ಕುಡಿಯುವಾಗ ಸೆರಗಿನ ಕೆಳಗೆ ಇಟ್ಕೊಳ್ತೀನಿ. ಒಂದು ದಿನ ಅದನ್ನ ನೋಡಿ, ‘ಈ ಕೆಲಸ ಬಿಟ್ಟುಬಿಡು. ಅಡ್ವಾನ್ಸ್ ನಾನು ಕಟ್ತೀನಿ. ಕೈವಾರದಲ್ಲಿ ಸಿಂಪಲ್ಲಾಗಿ ತಾಳಿ ಕಟ್ತೀನಿ, ನಮ್ಮನೆಗೆ ಬಂದುಬಿಡು. ಆಮೇಲೆ ಕೆಲಸಕ್ಕೆ ಹೋದರೂ ಇಬ್ಬರ ದುಡ್ಡೂ ಒಂದೇ ಕಡೆ ಇಡೋಣ’ ಅಂದರು.

ಅಮ್ಮ, ‘ಅಡ್ವಾನ್ಸ್ ತೀರಿಸೋ ಗಂಡಸು ಇನ್ನೆಲ್ಲಿ ಸಿಗ್ತಾನೆ, ಕೈಗೆ ಬಂದ ತುತ್ತು ಬಿಡಬೇಡ’ ಅಂತಾಳೆ. ಅಡ್ವಾನ್ಸ್ ಅವರೇ ಕಟ್ಟಲಿ ಅಂತ ನನಗೂ ಒಂದು ಮನಸ್ಸು. ಆದರೆ ನನ್ನ ಸಂಬಳ ನನ್ನ ಕೈಯಲ್ಲಿ ನಿಲ್ಲೋಕೆ ಶುರುವಾಗಿರೋದೇ ಈ ಎರಡು ವರ್ಷದಿಂದ. ಬೇಡ ಅಂದರೆ ನಂಬಿಕೆ ಇಲ್ಲ ಅಂದುಕೊಳ್ತಾರಾ? ಹಳೇ ಮದುವೆಯದು ತೊಂದರೆ ಇಲ್ಲ, ಹಿರಿಯರ ಮುಂದೆ ಬಾಂಡ್ ಪೇಪರ್‌ನಲ್ಲಿ ಬಿಡುಗಡೆ ಬರೆಸಿಕೊಂಡಿದ್ದೀವಿ. ಹೋದ ತಿಂಗಳು ಅವರು ಒಂದು ಮಿಕ್ಸಿ ತಂದುಕೊಟ್ಟರು. ಇನ್ನೂ ಡಬ್ಬದಿಂದ ತೆಗೆದಿಲ್ಲ. ಇಟ್ಕೊಳ್ಳಲಾ, ವಾಪಸ್ ಕೊಡಲಾ?

– ಹೆಸರು ಬೇಡ, ಶಿಡ್ಲಘಟ್ಟ

ಉತ್ತರ

ನಿಮ್ಮ ಕಾಗದದಲ್ಲಿ ‘ಅಡ್ವಾನ್ಸ್’ ಅನ್ನುವ ಮಾತು ನಾಲ್ಕು ಸಲ ಬಂದಿದೆ. ಅಲ್ಲಿಂದಲೇ ಹಿಡಿಯುತ್ತೇನೆ.

ಶಿಡ್ಲಘಟ್ಟದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆ ಊರಲ್ಲಿ ಕೂತು ಓದುವವರಿಗಾಗಿ ಎರಡು ಮಾತು. ರೇಷ್ಮೆ ಬಿಚ್ಚುವ ಘಟಕಗಳಲ್ಲಿ ಅಡ್ವಾನ್ಸ್ ಅಂದರೆ ಸಂಬಳದ ಮುಂಗಡ ಅಂದುಕೊಳ್ಳಬೇಡಿ. ಮುಂಗಡವಾಗಿದ್ದರೆ ವಾರವಾರ ಮುರಿದುಕೊಂಡು ಒಂದು ದಿನ ಮುಗಿಯುತ್ತಿತ್ತು. ಇದು ಮುರಿಯುವುದಿಲ್ಲ. ಮದುವೆಗೋ, ಆಸ್ಪತ್ರೆಗೋ ಅಂತ ತೆಗೆದುಕೊಂಡ ದುಡ್ಡು ಹಾಗೇ ನಿಂತಿರುತ್ತದೆ, ಕೆಲಸ ಬಿಡುವ ದಿನ ಅಷ್ಟನ್ನೂ ಒಟ್ಟಿಗೆ ಇಟ್ಟು ಎದ್ದು ಹೋಗಬೇಕು. ದಿನಗೂಲಿಯವರ ಹತ್ತಿರ ಅಷ್ಟು ಒಟ್ಟಿಗೆ ಎಲ್ಲಿರುತ್ತದೆ? ಹಾಗಾಗಿ ಇನ್ನೊಬ್ಬ ಮಾಲೀಕ ಬಂದು ಹಳೆಯ ಅಡ್ವಾನ್ಸ್ ಕಟ್ಟುತ್ತಾನೆ. ಕೆಲಸದವಳು ಈ ಬಿಸಿನೀರಿನ ಬೇಸಿನ್ನಿನ ಮುಂದಿನಿಂದ ಎದ್ದು ಆ ಬೇಸಿನ್ನಿನ ಮುಂದೆ ಹೋಗಿ ಕೂರುತ್ತಾಳೆ. ಸಾಲ ಅಷ್ಟೇ ಇರುತ್ತದೆ, ಕೆಲವು ಸಲ ಮೇಲೆ ಐದು ಸಾವಿರ ಸೇರಿರುತ್ತದೆ. ನೀರಿನ ಬಿಸಿಯೂ ಅಷ್ಟೇ. ಮಾಲೀಕ ಮಾತ್ರ ಬೇರೆ.

ಈಗ ನಿಮ್ಮವರ ಮಾತನ್ನು ಇನ್ನೊಂದು ಸಲ ಓದಿ. ಅಡ್ವಾನ್ಸ್ ನಾನು ಕಟ್ತೀನಿ, ನಮ್ಮನೆಗೆ ಬಂದುಬಿಡು.

ಅವರು ಕೆಟ್ಟ ಮನಸ್ಸಿನಿಂದ ಹೇಳಿದ್ದಾರೆ ಅಂತ ನಾನು ಹೇಳುತ್ತಿಲ್ಲ. ನಿಮ್ಮ ಕೈ ನೋಡಿ ಅವರ ಕರುಳು ಚುರುಕ್ ಅಂದಿದೆ, ಬಾಯಿಗೆ ಬಂದದ್ದನ್ನು ಆಡಿದ್ದಾರೆ. ಕೈ ನೋಡಿ ಮುಖ ತಿರುಗಿಸುವ ಗಂಡಸರನ್ನೂ ಕಂಡಿದ್ದೇನೆ, ಅವರಿಗಿಂತ ಇವರು ಎಷ್ಟೋ ಮೇಲು. ಆದರೆ ಈ ಮಾತನ್ನು ನೀವು ಮೊದಲೂ ಕೇಳಿದ್ದೀರಿ, ಬೇರೆ ಬಾಯಿಂದ. ಅದಕ್ಕೇ ಒಳಗೊಳಗೆ ಅಳುಕುತ್ತಿದೆ. ಅಮ್ಮನಿಗೆ ಅಳುಕಿಲ್ಲ, ಯಾಕೆಂದರೆ ಬೇಸಿನ್ನಿನ ಮುಂದೆ ಕೂರುವವರು ನೀವು. ನನ್ನ ಅಭಿಪ್ರಾಯ ಕೇಳಿದ್ದೀರಿ, ಸುತ್ತಿ ಬಳಸದೆ ಹೇಳುತ್ತೇನೆ. ಆ 40,000 ಅವರ ಕೈಯಲ್ಲಿ ಕಟ್ಟಿಸಬೇಡಿ.

ಹಾಗಾದರೆ ಇನ್ನು ಯಾವತ್ತಿಗೆ ತೀರುತ್ತೆ ಅಂತ ಕೇಳುತ್ತೀರಿ. ಮಗಳ ಹಳೆಯ ನೋಟ್ ಬುಕ್ಕಿನಲ್ಲಿ ಬರೆಯದ ಹಾಳೆಗಳು ಇದ್ದೇ ಇರುತ್ತವೆ, ಒಂದನ್ನು ತೆಗೆದುಕೊಳ್ಳಿ. ನೀವು ಕೊಟ್ಟ ಲೆಕ್ಕವನ್ನೇ ನಾನು ಇಲ್ಲಿ ಕೂತು ಹಾಕಿದೆ. ದಿನಕ್ಕೆ 350ರಂತೆ 25 ದಿನಕ್ಕೆ 8,750. ಬಾಡಿಗೆ 2,500 ಕಳೆಯಿರಿ. ನಾಲ್ಕು ವಾರದ ಸಂಘಕ್ಕೆ 2,800 ಕಳೆಯಿರಿ. ಉಳಿಯುವುದು 3,450. ಐದು ವಾರ ಬೀಳುವ ತಿಂಗಳು ಇನ್ನೂ 700 ಕಡಿಮೆ. ಇಷ್ಟರಲ್ಲಿ ಎರಡು ವರ್ಷದಿಂದ ಅಕ್ಕಿ, ಸೊಪ್ಪು, ಗ್ಯಾಸು, ಮಗಳ ಪುಸ್ತಕ, ಒಂದು ಜ್ವರ, ಒಂದು ಹಬ್ಬ ಎಲ್ಲವನ್ನೂ ದಾಟಿದ್ದೀರಿ. ಅದಕ್ಕೆ ಯಾರೂ ಶಹಬ್ಬಾಸ್ ಅಂದಿರಲಿಕ್ಕಿಲ್ಲ. ನಾನು ಅನ್ನುತ್ತೇನೆ, ಮುಂದಕ್ಕೆ ಹೋಗೋಣ.

ಸಂಘದ ಕಂತು 30 ವಾರಕ್ಕೆ ಮುಗಿಯುತ್ತದೆ. ಮುಗಿಯುವ ಹೊತ್ತಿಗೆ ಸರಿಯಾಗಿ ಸಂಘದವರು ಬಂದು, ‘ಚೆನ್ನಾಗಿ ಕಟ್ಟಿದ್ದೀರಮ್ಮ, ಇನ್ನೂ ದೊಡ್ಡ ಸಾಲ ಸಿಗುತ್ತೆ’ ಅನ್ನುತ್ತಾರೆ. ಆ ದಿನ ಬೇಡ ಅನ್ನಬೇಕು. ಗುಂಪಿನ ಬೇರೆ ಹೆಂಗಸರು, ‘ನೀನು ತಗೊಂಡರೆ ತಾನೆ ನಮಗೂ ಸಿಗೋದು’ ಅಂತ ಒತ್ತಾಯ ಮಾಡಬಹುದು. ಆಗಲೂ ಬೇಡ ಅನ್ನಬೇಕು, ಅದು ಸಂಘದವರಿಗೆ ಹೇಳುವುದಕ್ಕಿಂತ ಕಷ್ಟ. ಆಮೇಲೆ ಅದೇ 700 ರೂಪಾಯಿ, ಅದೇ ವಾರ, ಅದೇ ದಿನ ಮಾಲೀಕರ ಕೈಗೆ ಹೋಗಲಿ. ಕಟ್ಟಿ ರೂಢಿಯಾಗಿದೆ, ಹೊಸದಾಗಿ ಹೊಟ್ಟೆ ಕಟ್ಟಬೇಕಿಲ್ಲ. 40,000ಕ್ಕೆ 58 ವಾರ. ಮೊದಲಿನ 30 ಸೇರಿಸಿದರೆ 88 ವಾರ. ಎರಡು ವರ್ಷಕ್ಕೆ 104 ವಾರ. ಅಂದರೆ ಎರಡು ವರ್ಷ ತುಂಬುವುದಕ್ಕೆ 16 ವಾರ ಇರುವಾಗಲೇ ನೀವು ಯಾರ ಋಣವೂ ಇಲ್ಲದ ಹೆಂಗಸು. ಯಾವ ಟೆಂಪೊದವರೂ, ಯಾವ ಅಣ್ಣ ತಮ್ಮಂದಿರೂ ಕೈ ಹಾಕದೆ.

ಮಾಲೀಕರು ಕಂತಿನಲ್ಲಿ ತೆಗೆದುಕೊಳ್ಳಲು ಮೊದಲು ಗೊಣಗುತ್ತಾರೆ. ಅಡ್ವಾನ್ಸ್ ಇರುವುದೇ ನಿಮ್ಮನ್ನು ಕೂರಿಸಿಡಲು, ತೀರಿದರೆ ನೀವು ಎದ್ದು ಹೋಗುತ್ತೀರಿ ಅನ್ನುವ ಭಯ ಅವರಿಗೆ. ಗೂಡು ಬೇಯಿಸಿ, ಎಳೆ ಹಿಡಿದು, ತುಂಡಾದರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಜೋಡಿಸುವ ಕೈ ಊರಲ್ಲಿ ಎಷ್ಟಿವೆ ಅಂತ ಅವರಿಗೂ ಗೊತ್ತು. ಆ ಭಯ ನಿಮ್ಮ ಬಲ. ಪ್ರತಿ ವಾರ ಕೊಟ್ಟದ್ದಕ್ಕೆ ಒಂದು ಚಿಕ್ಕ ಪುಸ್ತಕದಲ್ಲಿ ತಾರೀಖು, ಮೊತ್ತ ಬರೆದು ಅವರ ಸಹಿ ಹಾಕಿಸಿ. ಒಂದು ವಿಷಯ ತಿಳಿದಿರಲಿ, ನಾಳೆಯೇ ಎತ್ತಿ ಆಡಬೇಕಿಲ್ಲ. ಸಾಲ ಕೊಟ್ಟಿದ್ದೇನೆ ಅನ್ನುವ ಕಾರಣಕ್ಕೆ ಯಾರನ್ನೂ ಬೇರೆ ಕಡೆ ಕೆಲಸಕ್ಕೆ ಹೋಗದಂತೆ ಕಟ್ಟಿಹಾಕುವ ಹಾಗಿಲ್ಲ. ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯಡಿ ಅಪರಾಧ. ನಿಮ್ಮ ಮಾಲೀಕರು ಅಲ್ಲಿಯವರೆಗೆ ಹೋಗದಿರಲಿ. ಹೋದರೆ ತಾಲ್ಲೂಕು ಕಚೇರಿಯ ಬಾಗಿಲು ಇದೆ.

ಈ 88 ವಾರವನ್ನು ಇನ್ನೂ ಗಿಡ್ಡ ಮಾಡುವ ದಾರಿ ನಿಮ್ಮ ಕಾಗದದ ಮೊದಲ ಪ್ಯಾರಾದಲ್ಲೇ ಇದೆ. ನೀವು ಅದನ್ನು ಸಾಲ ಸೋಲದ ಕಥೆಯ ನಡುವೆ ಸಣ್ಣದಾಗಿ ಹೇಳಿ ದಾಟಿಬಿಟ್ಟಿದ್ದೀರಿ. ರೇಷನ್ ಕಾರ್ಡು. ಐದು ವರ್ಷದಿಂದ ನಿಮ್ಮಿಬ್ಬರ ಪಾಲಿನ ಅಕ್ಕಿ ಗೌರಿಬಿದನೂರಿನ ಒಲೆಯ ಮೇಲೆ ಬೇಯುತ್ತಿದೆ. ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆ ಶುರುವಾದದ್ದು 2023ರ ಆಗಸ್ಟ್ 30ಕ್ಕೆ. ಅದರ ತಿಂಗಳ 2,000 ಕಾರ್ಡಿನಲ್ಲಿ ಮನೆಯ ಯಜಮಾನಿ ಅಂತ ಇರುವ ಹೆಂಗಸಿನ ಹೆಸರಿಗೆ ಹೋಗುತ್ತದೆ. ಈ ಮನೆಗೆ ಯಜಮಾನಿ ನೀವು, ಕಾಗದದ ಮೇಲೆ ಮಾತ್ರ ಇನ್ನೂ ಹಾಗಿಲ್ಲ. ಅತ್ತೆ ಮನೆಯ ಕಾರ್ಡಿನಿಂದ ನಿಮ್ಮ ಮತ್ತು ಮಗಳ ಹೆಸರು ತೆಗೆಸಿ, ಶಿಡ್ಲಘಟ್ಟದ ವಿಳಾಸಕ್ಕೆ ಆಧಾರ್ ಬದಲಾಯಿಸಿ, ನಿಮ್ಮದೇ ಕಾರ್ಡಿಗೆ ಅರ್ಜಿ ಹಾಕಿ. ಹೊಸ ಕಾರ್ಡಿನ ಅರ್ಜಿಯನ್ನು ವರ್ಷದ ಎಲ್ಲ ದಿನವೂ ತೆಗೆದುಕೊಳ್ಳುವುದಿಲ್ಲ. ತಾಲ್ಲೂಕು ಕಚೇರಿಯ ಆಹಾರ ಶಾಖೆಯಲ್ಲಿ ವಿಚಾರಿಸುತ್ತಾ ಇರಿ, ಕಾಗದಗಳನ್ನು ಮಾತ್ರ ಈಗಲೇ ಜೋಡಿಸಿಡಿ. ಬಾಡಿಗೆ ಮನೆಗೆ 11 ತಿಂಗಳ ಕರಾರು ಪತ್ರ ಮಾಡಿಸಿದ್ದೀರಾ? ಇಲ್ಲದಿದ್ದರೆ ಮಾಡಿಸಿ. ಅದಿದ್ದರೆ ಗೃಹಜ್ಯೋತಿಯ ಉಚಿತ ಕರೆಂಟಿಗೂ ಆಗುತ್ತದೆ, ಬಾಡಿಗೆಯವರಿಗೂ ಆ ಸೌಲಭ್ಯ ಇದೆ. ಬಾಡಿಗೆ 2,500, ಗೃಹಲಕ್ಷ್ಮಿ 2,000. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

ಇನ್ನು ಬಾಂಡ್ ಪೇಪರ್. ನಿಮ್ಮ ಕಾಗದದಲ್ಲಿ ನನ್ನನ್ನು ಹೆಚ್ಚು ಹೆದರಿಸಿದ್ದು ಅಡ್ವಾನ್ಸ್ ಅಲ್ಲ, ಇದು. ‘ತೊಂದರೆ ಇಲ್ಲ’ ಅಂತ ಬರೆದಿದ್ದೀರಿ. ಇದೆ.

ನಮ್ಮ ಸೀಮೆಯಲ್ಲಿ ಬಹಳ ಜಾತಿಗಳಲ್ಲಿ ಹಿರಿಯರು ಕೂತು ಗಂಡಹೆಂಡಿರನ್ನು ಬಿಡಿಸುವ, ಆಮೇಲೆ ಇಬ್ಬರೂ ಬೇರೆಯವರ ಜೊತೆ ಕೂಡಾವಳಿ, ಅಂದರೆ ಮರುಮದುವೆ ಮಾಡಿಕೊಳ್ಳುವ ಪದ್ಧತಿ ಇತ್ತು. ಕಾನೂನು ಅದನ್ನು ಪೂರ್ತಿ ಅಳಿಸಿಯೂ ಇಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ರೂಢಿಯ ವಿಚ್ಛೇದನಕ್ಕೆ ಒಂದು ಕಿಂಡಿ ಬಿಟ್ಟಿದ್ದಾರೆ. ಆದರೆ ನಮ್ಮ ಜಾತಿಯಲ್ಲಿ ಅಂಥ ರೂಢಿ ತಲೆತಲಾಂತರದಿಂದ ನಡೆದುಬಂದಿದೆ ಅಂತ ನ್ಯಾಯಾಲಯದಲ್ಲಿ ಸಾಬೀತು ಮಾಡಬೇಕು. ನೂರು ರೂಪಾಯಿಯ ಬಾಂಡ್ ಪೇಪರು, ಕೆಳಗೆ ನಾಲ್ಕು ಸಹಿ, ಎರಡು ಹೆಬ್ಬೆಟ್ಟು, ಒಬ್ಬ ನೋಟರಿಯ ಸೀಲು, ಅಷ್ಟರಿಂದ ಮದುವೆ ಮುರಿಯುವುದಿಲ್ಲ. ಸಹಿ ಹಾಕಿದ ಹಿರಿಯರಲ್ಲಿ ಇಬ್ಬರು ತೀರಿಕೊಂಡರೆ ಸಾಕ್ಷಿಯೂ ಇಲ್ಲ.

ಅಂದರೆ ಕಾನೂನಿನ ಕಣ್ಣಿಗೆ ನೀವು ಈಗಲೂ ಗೌರಿಬಿದನೂರಿನವರ ಹೆಂಡತಿಯೇ. ಹೀಗಿರುವಾಗ ಕೈವಾರದಲ್ಲಿ ತಾಳಿ ಬಿದ್ದರೆ ಆ ಮದುವೆ ಅಸಿಂಧು. ಸಾಲದ್ದಕ್ಕೆ, ಹಳೆಯ ಗಂಡನಿಗೆ ಒಂದು ದಿನ ತಲೆ ಕೆಟ್ಟು ದೂರು ಕೊಟ್ಟರೆ ನಿಮ್ಮ ಮೇಲೆ ಎರಡನೇ ಮದುವೆಯ ಕೇಸು. ಹಿಂದೆ ಐಪಿಸಿ 494 ಅನ್ನುತ್ತಿದ್ದರು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಂ. ಏಳು ವರ್ಷದವರೆಗೆ ಶಿಕ್ಷೆ ಇದೆ. ಹಾಗಾದರೆ ತಾಳಿ ಇಲ್ಲದೆ ಹೋಗಿ ಇದ್ದುಬಿಡಲಾ ಅನ್ನುತ್ತೀರೇನೋ. ಅದು ಅಪರಾಧ ಅಲ್ಲ, ವ್ಯಭಿಚಾರದ ಕಲಂ ಅನ್ನು ಸುಪ್ರೀಂ ಕೋರ್ಟು 2018ರಲ್ಲೇ ತೆಗೆದುಹಾಕಿದೆ. ಆದರೆ ಅಪರಾಧ ಅಲ್ಲದ್ದೆಲ್ಲ ರಕ್ಷಣೆ ಕೊಡುವುದಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಮದುವೆಯಾಗದೆ ಗಂಡಹೆಂಡಿರಂತೆ ಬಾಳುವವರಿಗೂ ನೆರಳು ಕೊಡುತ್ತದೆ, ನಿಜ. ಆದರೆ 2010ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟು, ಇಬ್ಬರೂ ಮದುವೆಯಾಗಲು ಅರ್ಹರಾಗಿರಬೇಕು ಅಂತ ಹೇಳಿತು. 2013ರ ನವೆಂಬರಿನಲ್ಲಿ ಬೆಂಗಳೂರಿನದೇ ಒಂದು ಪ್ರಕರಣದಲ್ಲಿ, ಮದುವೆಯಾದವನು ಅಂತ ಗೊತ್ತಿದ್ದೂ ವರ್ಷಾನುಗಟ್ಟಲೆ ಅವನ ಜೊತೆ ಬಾಳಿದ ಹೆಂಗಸಿಗೆ ಆ ಕಾಯ್ದೆಯ ರಕ್ಷಣೆ ಸಿಗಲಿಲ್ಲ. ಆ ಪ್ರಕರಣದಲ್ಲಿ ಮದುವೆಯಾಗಿದ್ದವನು ಗಂಡಸು. ನಿಮ್ಮಲ್ಲಿ ಮದುವೆ ಮುರಿಯದಿರುವುದು ನಿಮ್ಮ ಕಡೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ಮಾತು, ಬಾಯಿಬಿಟ್ಟು ಹೇಳಲು ಯಾರಿಗೂ ಇಷ್ಟವಿಲ್ಲದ್ದು. ಟೆಂಪೊ ಓಡಿಸುವವರು, ರಾತ್ರಿ ಹೊತ್ತು ಟೊಮೆಟೊ ತುಂಬಿಕೊಂಡು ಹೋಗುವವರು. ನಾಳೆ ಅವರಿಗೆ ಏನಾದರೂ ಆದರೆ ಚಿಂತಾಮಣಿಯ ಮನೆ ಯಾರಿಗೆ? ಉಯಿಲು ಇಲ್ಲದಿದ್ದರೆ ಮಗನಿಗೆ, ತಾಯಿಗೆ. ನೀವು ಕಾನೂನಿನಂತೆ ಹೆಂಡತಿಯಾಗಿದ್ದರೆ ಅವರಿಬ್ಬರ ಜೊತೆ ನಿಮಗೂ ಸಮಪಾಲು. ಆಗಿರದಿದ್ದರೆ ಹದಿಮೂರು ದಿನ ಕಳೆದು ಮಗಳ ಕೈ ಹಿಡಿದು ಶಿಡ್ಲಘಟ್ಟದ ಬಸ್ಸು ಹತ್ತಬೇಕು. ಮಗಳಿಗೆ ಚಿಂತಾಮಣಿಯಲ್ಲಿ ಹೇಗೂ ಪಾಲಿಲ್ಲ. ಅವಳ ಪಾಲು ಇರುವುದು ಗೌರಿಬಿದನೂರಿನಲ್ಲಿ, ಅಪ್ಪನ ಆಸ್ತಿಯಲ್ಲಿ. ನೀವು ಮರುಮದುವೆಯಾದರೂ ಅದು ಹೋಗುವುದಿಲ್ಲ. ಬಾಂಡ್ ಪೇಪರಿನಲ್ಲಿ ‘ಮಗಳಿಗೂ ಮುಂದೆ ಯಾವ ಹಕ್ಕೂ ಇರುವುದಿಲ್ಲ’ ಅಂತ ಬರೆಸಿದ್ದಾರಾ ನೋಡಿ. ಸಾಮಾನ್ಯವಾಗಿ ಬರೆಸುತ್ತಾರೆ. ಬರೆಸಿದ್ದರೂ ಹೆದರಬೇಡಿ. ನ್ಯಾಯಾಲಯದ ಅನುಮತಿ ಇಲ್ಲದೆ ಅಪ್ರಾಪ್ತ ಮಗುವಿನ ಸ್ಥಿರಾಸ್ತಿ ಬಿಟ್ಟುಕೊಡುವ ಅಧಿಕಾರ ತಾಯಿಗೂ ಇಲ್ಲ, ಅಪ್ಪನಿಂದ ಅವಳಿಗೆ ಬರಬೇಕಾದ ಜೀವನಾಂಶವೂ ನಿಮ್ಮ ಸಹಿಯಿಂದ ಮುಗಿಯುವುದಿಲ್ಲ.

ಆದ್ದರಿಂದ ಮೊದಲು ವಿಚ್ಛೇದನ. ನಿಮ್ಮ ಗಂಡನೂ ಬಿಡಲು ಒಪ್ಪಿರುವುದರಿಂದ ಪರಸ್ಪರ ಒಪ್ಪಿಗೆಯ ಅರ್ಜಿ ಸಾಕು. ಒಂದು ವರ್ಷ ಬೇರೆ ಇದ್ದಿರಬೇಕು, ನೀವು ಐದು ವರ್ಷ ಇದ್ದೀರಿ. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಿಸುತ್ತಾರೆ. ಬಹಳ ಕಾಲದಿಂದ ಬೇರೆ ಇರುವವರಿಗೆ, ಜೀವನಾಂಶ, ಮಕ್ಕಳ ವಿಷಯ ಎಲ್ಲ ಇತ್ಯರ್ಥವಾಗಿದ್ದರೆ, ನ್ಯಾಯಾಲಯ ಆ ಆರು ತಿಂಗಳನ್ನು ಬಿಟ್ಟುಕೊಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಗೌರಿಬಿದನೂರಿಗೆ ಅಲೆಯಬೇಕಿಲ್ಲ. ಹೆಂಡತಿ ಈಗ ವಾಸವಿರುವ ಊರಿನ ವ್ಯಾಪ್ತಿಯ ನ್ಯಾಯಾಲಯದಲ್ಲೇ ಹಾಕಬಹುದು. ವಕೀಲರ ಫೀಸಿಗೆ ಇನ್ನೊಂದು ಸಾಲವೂ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿ ನಿಮ್ಮೂರಿನ ನ್ಯಾಯಾಲಯದ ಆವರಣದಲ್ಲೇ ಸಿಗುತ್ತದೆ, ಜಿಲ್ಲಾ ಪ್ರಾಧಿಕಾರ ಚಿಕ್ಕಬಳ್ಳಾಪುರದಲ್ಲಿ. ಫೋನು ಮಾಡುವುದಾದರೆ 15100. ಆ ಬಾಂಡ್ ಪೇಪರನ್ನೂ ಒಯ್ಯಿರಿ. ಮದುವೆ ಮುರಿಯಲು ಅದು ಸಾಲದು, ಆದರೆ ಎಂದಿನಿಂದ ಬೇರೆ ಇದ್ದೀರಿ ಅನ್ನುವುದಕ್ಕೆ ಒಳ್ಳೆಯ ಸಾಕ್ಷಿ.

‘ಇಬ್ಬರ ದುಡ್ಡೂ ಒಂದೇ ಕಡೆ’ ಅನ್ನುವ ವಿಷಯಕ್ಕೆ ನನ್ನದೇ ಕಥೆ ಹೇಳುತ್ತೇನೆ. ಮದುವೆಯಾದ ಹೊಸದು. ನನ್ನ ಸಂಬಳ, ನಮ್ಮ ಯಜಮಾನರ ಸಂಬಳ ಒಂದೇ ಜಂಟಿ ಖಾತೆಗೆ. ಫಾರಮ್ಮಿನಲ್ಲಿ ‘ಇಬ್ಬರಲ್ಲಿ ಯಾರಾದರೂ’ ಅನ್ನುವ ಚೌಕಕ್ಕೆ ನಾನೇ ಟಿಕ್ ಹಾಕಿದ್ದೆ, ಅದನ್ನು ಓದಿ ಎಷ್ಟು ಚೆನ್ನಾಗಿದೆ ಅನ್ನಿಸಿತ್ತು. ವರ್ಷಗಳು ಕಳೆದ ಮೇಲೆ ಒಂದು ಜೂನ್ ತಿಂಗಳು ಮಗನ ಫೀಸು ಕಟ್ಟಲು ಬ್ಯಾಂಕಿಗೆ ಹೋದರೆ ಪಾಸ್ ಬುಕ್ಕಿನಲ್ಲಿ 312 ರೂಪಾಯಿ. ಯಜಮಾನರು ಕೆಟ್ಟವರಲ್ಲ. ಊರಲ್ಲಿ ಅವರ ಅಣ್ಣ ಬೋರ್‌ವೆಲ್ ಕೊರೆಸುತ್ತಿದ್ದರು, ಸಾವಿರ ಅಡಿ ದಾಟಿತ್ತು, ಇನ್ನು ನೂರು ಅಡಿಗೆ ನೀರು ಬರುತ್ತೆ ಅಂದಿದ್ದರಂತೆ. ಬಂದದ್ದು ಧೂಳು. ನಮ್ಮ ಜಿಲ್ಲೆಯವರಿಗೆ ಈ ಕಥೆಯಲ್ಲಿ ಹೊಸದೇನೂ ಇಲ್ಲ. ‘ನನ್ನ ದುಡ್ಡು’ ಅನ್ನಲು ನನಗೆ ಬಾಯಿ ಬರಲಿಲ್ಲ, ಯಾಕೆಂದರೆ ಅಲ್ಲಿ ನನ್ನದು ಅಂತ ಯಾವುದೂ ಬೇರೆ ಇರಲಿಲ್ಲ. ಆಮೇಲೆ ಅಂಚೆ ಕಚೇರಿಯಲ್ಲಿ ನನ್ನ ಹೆಸರಿಗೆ ಆರ್‌ಡಿ ಮಾಡಿದೆ. ಸಂಸಾರ ಮುರಿಯಲಿಲ್ಲ, ಈಗಲೂ ಅದೇ ಯಜಮಾನರು.

ನೀವೂ ಒಂದು ಆರ್‌ಡಿ ಮಾಡಿ, ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಗೂ ಆಗುತ್ತದೆ. ಬ್ಯಾಂಕ್ ಖಾತೆಯಲ್ಲಿ ನಾಮಿನಿ ಯಾರು ಅಂತ ನೋಡಿ, ಹಳೆಯ ಖಾತೆಯಾದರೆ ಗಂಡನ ಹೆಸರೇ ಇರುತ್ತದೆ. ಮಗಳ ಹೆಸರು ಹಾಕಿಸಿ, ಅವಳು ಚಿಕ್ಕವಳಾದ್ದರಿಂದ ಅವಳ ಪರವಾಗಿ ನಿಮ್ಮ ಅಮ್ಮನನ್ನು ನೇಮಿಸಿ. ಅದೇ ಖಾತೆಯಿಂದ ವರ್ಷಕ್ಕೆ 20 ರೂಪಾಯಿಯ ಅಪಘಾತ ವಿಮೆ, 436 ರೂಪಾಯಿಯ ಜೀವ ವಿಮೆ ಎರಡನ್ನೂ ಮಾಡಿಸಿ. ಒಂದೊಂದಕ್ಕೂ ಎರಡು ಲಕ್ಷ. ಮುಂದೆ ಚಿಂತಾಮಣಿಗೆ ಹೋದರೂ ಈ ಪಾಸ್ ಬುಕ್ಕು ನಿಮ್ಮ ಪೆಟ್ಟಿಗೆಯಲ್ಲೇ ಹೋಗಲಿ. ಮನೆ ಖರ್ಚಿಗೆ ಅಂತ ಇಬ್ಬರೂ ಇಷ್ಟಿಷ್ಟು ಹಾಕುವ ಡಬ್ಬ ಬೇರೆ ಇರಲಿ, ಅದಕ್ಕೆ ನನ್ನ ತಕರಾರಿಲ್ಲ.

ಹಾಗಂತ ಅವರಿಂದ ಏನನ್ನೂ ಮುಟ್ಟಬೇಡಿ ಅಂತ ನಾನು ಹೇಳಿದೆ ಅಂದುಕೊಳ್ಳಬೇಡಿ. ಅಷ್ಟು ಬಿಗಿಯಾಗಿ ಇದ್ದರೆ ಜೊತೆಗೆ ಯಾಕಾದರೂ ಇರಬೇಕು? ನಾನು ಒಂದು ಗೆರೆ ಹಾಕಿಕೊಂಡಿದ್ದೇನೆ, ಕೇಳಿದವರಿಗೆಲ್ಲ ಅದನ್ನೇ ಹೇಳುತ್ತೇನೆ. ಕೊಟ್ಟ ದಿನವೇ ಮುಗಿಯುವಂಥದ್ದನ್ನು ತೆಗೆದುಕೊಳ್ಳಿ. ತಿಂಗಳುತಿಂಗಳು ಮುಂದುವರಿಯುವಂಥದ್ದನ್ನು ತೆಗೆದುಕೊಳ್ಳಬೇಡಿ. ಚಿಂತಾಮಣಿಯಿಂದ ಬರುವಾಗ ಒಂದು ಕ್ರೇಟು ಟೊಮೆಟೊ ಇಳಿಸಿದರು, ನೀವು ನಾಲ್ಕು ದಿನ ಗೊಜ್ಜು ಮಾಡಿದಿರಿ, ಪಕ್ಕದ ಮನೆಗೂ ಕೊಟ್ಟಿರಿ, ಮುಗಿಯಿತು. ಅವರು ಬಂದ ದಿನ ಮುದ್ದೆ, ಬಸ್ಸಾರು ಬಡಿಸಿದಿರಿ, ಅದೂ ಮುಗಿಯಿತು. ಬಾಡಿಗೆ, ಕಂತು, ಮಗಳ ಫೀಸು, ಫೋನಿನ ಇಎಂಐ ಹಾಗಲ್ಲ. ಚಿಕ್ಕಬಳ್ಳಾಪುರದಲ್ಲಿ ಹೂವು ಕಟ್ಟಿ ಬದುಕುವ ಹೆಂಗಸೊಬ್ಬರು ನನ್ನ ಹತ್ತಿರ ಬರುತ್ತಿದ್ದರು. ಜೊತೆಗಿದ್ದವರು ಆಕೆಯ ಮಗನ ಸ್ಕೂಲು ಫೀಸನ್ನು ಮೂರು ವರ್ಷ ಸಂತೋಷವಾಗಿ ಕಟ್ಟಿದರು. ನಾಲ್ಕನೇ ವರ್ಷ ಯಾವ ಸ್ಕೂಲು ಅಂತ ಅವರೇ ಹೇಳಿದರು. ಐದನೇ ವರ್ಷ, ಹುಡುಗ ಯಾರ ಮನೆಯಲ್ಲಿ ಇರಬೇಕು ಅಂತ. ಜಗಳ ಯಾವತ್ತು ಶುರುವಾಯಿತು ಅಂತ ಕೇಳಿದರೆ ಆ ತಾಯಿಗೆ ಹೇಳಲು ಆಗಲಿಲ್ಲ. ಜಗಳ ಆಗಿರಲೇ ಇಲ್ಲ.

ಮಗಳ ವಿಷಯ. ನಿಮ್ಮ ಕಾಗದದಲ್ಲಿ ಅವಳ ಕ್ಲಾಸು ಇದೆ, ಅವಳ ಮಾತು ಒಂದೂ ಇಲ್ಲ. ಏಳು ವರ್ಷದವಳಿದ್ದಾಗ ಒಂದು ಮನೆ ಬಿಟ್ಟಳು, ಹತ್ತಕ್ಕೆ ಅಜ್ಜಿ ಮನೆ. ಹನ್ನೆರಡಕ್ಕೆ ಮೂರನೆಯದು ಅಂದರೆ ಅವಳನ್ನು ಕೇಳದೆ ಮಾಡಬೇಡಿ. ಅವಳು ‘ನಿನ್ನಿಷ್ಟ’ ಅಂದರೆ ಅದು ಒಪ್ಪಿಗೆ ಅಂತ ತಿಳಿಯಬೇಡಿ. ಈಗ ಭಾನುವಾರಗಳಲ್ಲಿ ಹೋಗಿ ಬನ್ನಿ. ಸರ್ಕಾರಿ ಬಸ್ಸಿನಲ್ಲಿ ನಿಮಗೂ ಅವಳಿಗೂ ದುಡ್ಡು ಕೊಡಬೇಕಿಲ್ಲ, ಶಿಡ್ಲಘಟ್ಟದಿಂದ ಚಿಂತಾಮಣಿ ಎಷ್ಟು ಮಹಾ ದೂರ! ಅವರ ತಾಯಿಯ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸಲಿ. ಆ ಹುಡುಗನಿಗೂ ಇದು ಎಸ್ಸೆಸ್ಸೆಲ್ಸಿ ವರ್ಷ, ಪರೀಕ್ಷೆಗೆ ಮುಂಚೆ ಮನೆಗೆ ಹೊಸ ತಾಯಿ, ಹೊಸ ತಂಗಿ ಬರುವುದು ಅವನಿಗೂ ಅನ್ಯಾಯ. ಆ ಮನೆಯಲ್ಲಿ ಮಗಳು ಎಲ್ಲಿ ಮಲಗುತ್ತಾಳೆ, ಬಟ್ಟೆ ಬದಲಾಯಿಸುವ ಕಡೆ ಒಳಗಿನಿಂದ ಚಿಲಕ ಇದೆಯಾ, ಇದನ್ನು ನೀವು ಕಣ್ಣಾರೆ ನೋಡಿ ಬರಬೇಕು. ಯಾರ ಮೇಲೂ ಅನುಮಾನಪಟ್ಟು ಹೇಳುತ್ತಿಲ್ಲ. ಹನ್ನೆರಡು ವರ್ಷದ ಹುಡುಗಿಗೆ ಚಿಲಕ ಬೇಕು, ಯಾರ ಮನೆಯಾದರೂ.

ಬೇಡ ಅಂದರೆ ನಂಬಿಕೆ ಇಲ್ಲ ಅಂದುಕೊಳ್ತಾರಾ ಅಂತ ಕೇಳಿದ್ದೀರಿ. ಹೇಗೆ ಹೇಳುತ್ತೀರಿ ಅನ್ನುವುದರ ಮೇಲಿದೆ. ಫೋನಿನಲ್ಲಿ ಬೇಡ, ವಾಟ್ಸಾಪಿನಲ್ಲಂತೂ ಬೇಡವೇ ಬೇಡ. ಗೂಡಿನ ಹರಾಜು ಮುಗಿದು, ಟೆಂಪೊ ಖಾಲಿಯಾಗಿ, ಅವರು ನಿರಾಳವಾಗಿ ಕೂತಿರುವ ಹೊತ್ತು ನೋಡಿ. ಲೆಕ್ಕದ ಹಾಳೆ ಜೊತೆಗಿರಲಿ. ‘ನೀವು ಕಟ್ತೀನಿ ಅಂದಿದ್ದು ನನಗೆ ಬಹಳ ಸಂತೋಷ ಆಯ್ತು. ಆದರೆ ಇದನ್ನ ನಾನೇ ತೀರಿಸಿ ಬರ್ತೀನಿ. 88 ವಾರ ಅಂತ ಲೆಕ್ಕ ಹಾಕಿದೀನಿ, ನೋಡಿ. ಅಷ್ಟರಲ್ಲಿ ಕೋರ್ಟಿನದೂ ಮುಗಿಯುತ್ತೆ. ನೀವು ಬರ್ತಾ ಇರಿ, ನಾವೂ ಬರ್ತೀವಿ.’ ಟೆಂಪೊ ಲೋನು ಕಟ್ಟಿದವರಿಗೆ ಕಂತಿನ ಭಾಷೆ ಚೆನ್ನಾಗಿ ಅರ್ಥವಾಗುತ್ತದೆ. ಎರಡು ದಿನ ಮುಖ ಊದಿಸಿಕೊಂಡರೆ ಊದಿಸಿಕೊಳ್ಳಲಿ, ಗಂಡಸರಿಗೆ ಆಗುತ್ತದೆ, ಇಳಿಯುತ್ತದೆ. ಕೋರ್ಟಿಗೆ ಹೋಗುವ ದಿನ ನಾನೂ ಬರಲಾ ಅಂತ ಕೇಳಿದರೆ ಬಹಳ ಒಳ್ಳೆಯದು, ಕರೆದುಕೊಂಡು ಹೋಗಿ. ಆದರೆ ‘ನಾನು ನಿನಗೆ ಅದು ಕೊಟ್ಟೆ, ಇದು ಕೊಟ್ಟೆ’ ಅಂತ ಎಣಿಸಲು ಶುರುಮಾಡಿದರೆ, ಆ ಎಣಿಕೆಯನ್ನು ಪೂರ್ತಿ ಕೇಳಿಸಿಕೊಳ್ಳಿ. ಮನೆಗೆ ಬಂದು ನನಗೆ ಇನ್ನೊಂದು ಕಾಗದ ಬರೆಯಿರಿ.

ಆ ಕೆಲಸದಲ್ಲೇ ಜೀವಮಾನ ಇರಿ ಅಂತಲೂ ನಾನು ಹೇಳುವುದಿಲ್ಲ. ಅಡ್ವಾನ್ಸ್ ತೀರಿದ ದಿನ ನಿಮ್ಮ ಕೈಕಸುಬನ್ನು ಕೇಳಿಕೊಂಡು ಬರುವವರು ಇರುತ್ತಾರೆ. ಪಿಎಫ್, ಇಎಸ್‌ಐ ಹಿಡಿಯುವ ಕಡೆ ಇದ್ದರೆ ದಿನಗೂಲಿ ಇಪ್ಪತ್ತು ರೂಪಾಯಿ ಕಡಿಮೆಯಾದರೂ ಅದನ್ನೇ ನೋಡಿ. ಯಾರು ಬಂದರೂ ಹೊಸ ಅಡ್ವಾನ್ಸ್ ಮಾತ್ರ ಮುಟ್ಟಬೇಡಿ. ಅಲ್ಲಿಯವರೆಗೆ ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿ. ಟೀ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯಿರಿ, ಅವರು ನೋಡಿ ಆಗಿದೆಯಲ್ಲ.

ಮಿಕ್ಸಿ ಇಟ್ಟುಕೊಳ್ಳಿ. ಅದು ಟೊಮೆಟೊ ಕ್ರೇಟಿನ ಕಡೆಗೆ ಸೇರಿದ್ದು. ನಗದು ಕೊಟ್ಟು ತಂದಿದ್ದಾರಾ, ಕಂತಿನಲ್ಲಿ ತಂದಿದ್ದಾರಾ ಅಂತ ಮಾತ್ರ ಕೇಳಿ, ಬಿಲ್ಲು, ವಾರಂಟಿ ಕಾರ್ಡು ನಿಮ್ಮ ಹತ್ತಿರ ಇರಲಿ. ಡಬ್ಬ ಬಿಚ್ಚಿ, ಮೊದಲು ಒಂದು ಕಾಯಿ ಚಟ್ನಿ ರುಬ್ಬಿ ನೋಡಿ.